ಕಂಠಪಾಠವೆಂದರೆ ಗಿಳಿಪಾಠವೇ?

ಕ್ರೈಸ್ತ ಕುಟುಂಬಗಳ ಪ್ರಾತಃಕಾಲದ ಹಾಗೂ ಸಾಯಂಕಾಲದ ಪ್ರಾರ್ಥನೆಯೊಡನೆ ಸತ್ಯವೇದದ ವಚನಗಳನ್ನು ಕಂಠಪಾಠಮಾಡುವ ರೂಢಿಯೊಂದು ಪುರಾತನವಾಗಿ ನಡೆದುಬಂದಿದೆ. ಇದು ಇನ್ನು ಅನಾವಶ್ಯಕವೆಂದು ಹೇಳುವ ವಿದ್ಯಾವಂತರು ಈಚೆಗೆ ಹೊರಟಿದ್ದಾರೆ. ಅರ್ಥವನ್ನರಿಯದ ಬಾಲಕನ ಬಾಯಲ್ಲಿ ವಚನವು ಗಿಳಿಯ ಮಾತಿಗೆ ಸಮಾನವೆಂಬುದು ಅವರ ಪೂರ್ವಪಕ್ಷ. ಸಮಗ್ರ ಗ್ರಂಥವೇ ಮೊಬೈಲಿನೊಳಗೆ ಅಡಗಿ ಅಂಗಿಯ ಜೇಬಿನಲ್ಲಿರುವಾಗ ಅದನ್ನು ತಲೆಯಲ್ಲಿ ಹೊರುವುದೇಕೆಂದು ಮೇಲೊಂದು ಪ್ರಶ್ನೆಯನ್ನೂ ಹಾಕುತ್ತಾರೆ. ಕೇಳುವುದಕ್ಕೆ ಇಂಪಾಗಿರುವ ಈ ವಾದವು ವಿಚಾರಕ್ಕೆ ನಿಲ್ಲತಕ್ಕದ್ದಲ್ಲ.

ಗಿಳಿಯ ದೃಷ್ಟಾಂತವು ಹೊಸದೇನೂ ಅಲ್ಲ. ವೇದವನ್ನೋದಿ ಅರ್ಥವನ್ನರಿಯದವನು ಭಾರವನ್ನು ಹೊತ್ತ ಕಂಬದಂತೆ ಎಂಬ ಮಾತು ಯಾಸ್ಕನ ನಿರುಕ್ತದಲ್ಲಿಯೇ ಇದೆ. ಅದನ್ನು ಎತ್ತಿ ಹೇಳಿ ಕಂಠಪಾಠವನ್ನು ಹಳಿಯುವವರೂ ಉಂಟು. ಆದರೆ ಯಾಸ್ಕನ ನಿಂದೆಯು ಅರ್ಥವನ್ನು ಕೈಬಿಟ್ಟವನಿಗೇ ಹೊರತು ಪಾಠವನ್ನು ಕೈಹಿಡಿದವನಿಗಲ್ಲ. ಕಂಬದ ಮೇಲೆ ಭಾರವಾದರೂ ಇದೆ, ಇಂದಲ್ಲ ನಾಳೆ ಇಳಿಸಿ ಬಿಚ್ಚಿ ನೋಡಬಹುದು. ಪಾಠವನ್ನೇ ಒಲ್ಲೆನೆಂದವನು ಬಿಚ್ಚುವುದೇನನ್ನು? ಕ್ರೈಸ್ತ ಆಚಾರ್ಯರ ಮತವೂ ಇದೇ. ಸಂತ ಅಗಸ್ಟೀನನು (354–430) ಕ್ರೈಸ್ತ ಬೋಧನೆಯನ್ನು ಕುರಿತು ಬರೆದ ಗ್ರಂಥದಲ್ಲಿ, ಇನ್ನೂ ಅರ್ಥವಾಗದಿದ್ದರೂ ಶಾಸ್ತ್ರಗಳನ್ನು ಓದಿ ಸ್ಮೃತಿಯಲ್ಲಿಡುವುದನ್ನೇ ಮೊದಲಿನ ಕೆಲಸವೆಂದು ವಿಧಿಸುತ್ತಾನೆ. 1529ರಲ್ಲಿ ಮಾರ್ಟಿನ್ ಲೂಥರನು ಸಣ್ಣ ಪ್ರಶ್ನೋತ್ತರಮಾಲೆಯನ್ನು ಪ್ರಕಟಿಸಿ, ಮೊದಲು ಮಕ್ಕಳಿಗೆ ಮಾತು ಮಾತಾಗಿ ಪಾಠವು ಬರಲಿ, ಅರ್ಥವನ್ನು ಆಮೇಲೆ ಹೇಳಿರಿ ಎಂದು ಅದರ ಪೀಠಿಕೆಯಲ್ಲಿ ಬೋಧಕರಿಗೆ ತಿಳಿಸಿದನು. ಅಗಸ್ಟೀನನೂ ಲೂಥರನೂ ಗಿಳಿಗಳನ್ನು ಸಾಕಲು ಹೊರಟವರಲ್ಲವಷ್ಟೆ!

ಆ ಗ್ರಂಥವಾದರೋ ಕಂಠಸ್ಥವಾಗುವುದಕ್ಕೆಂದೇ ಕಟ್ಟಲ್ಪಟ್ಟಂತಿದೆ. 119ನೆಯ ಕೀರ್ತನೆಯನ್ನು ನೋಡಬಹುದು: ಅದರ 176 ವಚನಗಳು ಇಪ್ಪತ್ತೆರಡು ಖಂಡಗಳಾಗಿ ವಿಭಾಗಗೊಂಡಿವೆ, ಮೂಲ ಹೀಬ್ರೂ ಭಾಷೆಯಲ್ಲಿ ಒಂದೊಂದು ಖಂಡದ ಎಂಟು ವಚನಗಳೂ ಒಂದೇ ಅಕ್ಷರದಿಂದ ಆರಂಭವಾಗಿ ವರ್ಣಮಾಲೆಯ ಕ್ರಮದಲ್ಲಿ ಸಾಗುತ್ತವೆ. ಓದಿ ಮುಚ್ಚಿಡುವುದಕ್ಕಾಗಿ ಯಾವ ಕವಿಯೂ ಇಷ್ಟು ಶ್ರಮಪಡನು. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯವು ಕುಳಿತಾಗ, ನಡೆಯುವಾಗ, ಮಲಗುವಾಗ, ಏಳುವಾಗ ಈ ಮಾತುಗಳನ್ನೇ ಆಡಬೇಕೆಂದು ವಿಧಿಸುತ್ತದೆ. ಪ್ರತಿಯೊಂದು ಮನೆಯಲ್ಲಿ ಸುರುಳಿಗ್ರಂಥವಿರಲು ಸಾಧ್ಯವಿಲ್ಲದ ಕಾಲದಲ್ಲಿ ಈ ವಿಧಿಯು ನಡೆದದ್ದು ಹೇಗೆ? ಮುಂದೆ ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ತನ್ನ ಮಠದ ನಿಯಮದಲ್ಲಿ 150 ಕೀರ್ತನೆಗಳನ್ನೂ ವಾರಕ್ಕೊಮ್ಮೆ ಪೂರೈಸಬೇಕೆಂದು ಗೊತ್ತುಮಾಡಿದನು.

ಅರಣ್ಯದಲ್ಲಿ ಶೋಧನೆಗೆ ಒಳಗಾದ ಯೇಸುಸ್ವಾಮಿಯ ಕೈಯಲ್ಲಿ ಪುಸ್ತಕವಿತ್ತೆಂದು ಸುವಾರ್ತೆಯು ಎಲ್ಲಿಯೂ ಹೇಳಿಲ್ಲ. ಆತನು ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದವು. ಶಿಲುಬೆಯ ಮೇಲೆ ಆಡಿದ ಮಾತುಗಳಲ್ಲಿ ಎರಡು 22ನೆಯ ಹಾಗೂ 31ನೆಯ ಕೀರ್ತನೆಗಳಿಂದ ಬಂದವು. ಮೊಬೈಲಿನ ವಾದಕ್ಕೆ ಇಷ್ಟೇ ಉತ್ತರ ಸಾಲದೆ? ಹುಡುಕಿದವನಿಗೆ ವಚನವನ್ನು ತೋರಿಸುವುದು ಯಂತ್ರದ ಶಕ್ತಿ. ಆದರೆ ಯಾವುದನ್ನು ಹುಡುಕಬೇಕೆಂಬುದು ಮೊದಲು ತಲೆಯಲ್ಲಿ ಹೊಳೆಯಬೇಕು. ಜ್ವರದ ರಾತ್ರಿಯಲ್ಲಿ, ಮೃತ್ಯುವಿನ ಸಮ್ಮುಖದಲ್ಲಿ ಯಾರು ಹುಡುಕಿಯಾರು? ನಾಲ್ಕನೆಯ ಶತಮಾನದ ಅಲೆಕ್ಸಾಂಡ್ರಿಯದ ದಿದಿಮನು ಶೈಶವದಲ್ಲಿಯೇ ಕುರುಡನಾಗಿಯೂ ಶಾಸ್ತ್ರಪಾರಂಗತನಾದದ್ದು ಕಿವಿಯಿಂದ ಮತ್ತು ನೆನಪಿನಿಂದ. ಅಮೆರಿಕದ ಗೀತಕರ್ತ್ರಿ ಫ್ಯಾನಿ ಕ್ರಾಸ್ಬಿಯೂ (1820–1915) ಅಂಧೆಯೇ. ಬಾಲ್ಯದಲ್ಲಿ ಕಂಠಸ್ಥಮಾಡಿಕೊಂಡ ಗ್ರಂಥಭಾಗಗಳೇ ಆಕೆಯ ಸಾವಿರಾರು ಗೀತೆಗಳಿಗೆ ಬಂಡವಾಳವಾದವು.

ವಿರೋಧಿಗಳ ಮಾತಿನಲ್ಲಿ ಒಂದಂಶವು ಸತ್ಯ, ಅದನ್ನು ಅವರೇ ಸರಿಯಾಗಿ ಹೇಳಲಿಲ್ಲ. ಬಹುಮಾನದ ಸ್ಪರ್ಧೆಗಾಗಿ ಒಂದೊಂದು ವಚನವನ್ನು ಕಿತ್ತು, ಅಧ್ಯಾಯದ ಅಂಕೆಯೊಡನೆ ಒಪ್ಪಿಸುವುದು ಕಂಠಪಾಠದ ಅಣಕ. ಶೋಧಕನಿಗೂ ವಚನವು ಬಾಯಲ್ಲಿತ್ತೆಂಬುದನ್ನು ಮರೆಯಬಾರದು. ದೇವಾಲಯದ ಶಿಖರದಿಂದ ಧುಮುಕೆಂದು ಪ್ರೇರಿಸುವಾಗ ಅವನು 91ನೆಯ ಕೀರ್ತನೆಯನ್ನೇ ಎತ್ತಿ ಹೇಳಿದನು. ಅದರ ಮುಂದಿನ ವಚನವು ಸರ್ಪವನ್ನು ತುಳಿಯುವ ವಿಷಯವಾದುದರಿಂದ ಅಲ್ಲಿಗೇ ನಿಲ್ಲಿಸಿದನೋ ಏನೋ! ಇಡೀ ಕೀರ್ತನೆಯನ್ನು ಬಲ್ಲವನ ಮುಂದೆ ಆ ಚಾತುರ್ಯವು ನಡೆಯದು. ದಿನಕ್ಕೆ ಎರಡು ವಚನಗಳಾದರೂ ಸರಿ, ನಿನ್ನೆಯದನ್ನು ಮೊದಲು ಹೇಳಿ ಇಂದಿನದನ್ನು ಸೇರಿಸುತ್ತ ಪೂರ್ಣ ಕೀರ್ತನೆಯನ್ನು ಕಲಿಯತಕ್ಕದ್ದು. ವೈದಿಕ ಪಾಠಶಾಲೆಗಳ ಆವೃತ್ತಿಕ್ರಮವೂ ಇದೇ.

ಕನ್ನಡ ಕ್ರೈಸ್ತರ ಮಟ್ಟಿಗೆ ಇನ್ನೊಂದು ತೊಡಕುಂಟು. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನ ಪರಿಶ್ರಮದಿಂದ 1831ರ ವೇಳೆಗೆ ಸಂಪೂರ್ಣ ಸತ್ಯವೇದವು ಕನ್ನಡಕ್ಕೆ ಬಂದಿತು. ಅಲ್ಲಿಂದೀಚೆಗೆ ಪರಿಷ್ಕರಣಗಳೂ ಹೊಸ ಭಾಷಾಂತರಗಳೂ ಆಗಿ, ಇಂದು ಒಂದೇ ಮನೆಯಲ್ಲಿ ಅಜ್ಜಿಯ ಬಾಯಲ್ಲಿರುವ ಪಾಠವು ಬೇರೆ, ಮೊಮ್ಮಗನ ಪುಸ್ತಕದ್ದು ಬೇರೆ. ಅಜ್ಜಿಯು ಅರ್ಧ ಹೇಳಿ ನಿಲ್ಲಿಸಿದರೆ ಹುಡುಗನು ಮುಂದುವರಿಸಲಾರನು. ಒಂದೇ ಪಾಠವನ್ನು ಹಿಡಿದು ವರ್ಷದಿಂದ ವರ್ಷಕ್ಕೆ ಒಂದಕ್ಷರವನ್ನೂ ಬದಲಿಸಬೇಡಿರೆಂದು ಲೂಥರನು ಎಚ್ಚರಿಸಿದ್ದು ಈ ಕಾರಣದಿಂದಲೇ. ಅರ್ಥವಿಚಾರಕ್ಕೆ ಹತ್ತು ಭಾಷಾಂತರಗಳಿರಲಿ, ಬಾಯಿಗೆ ಮಾತ್ರ ಒಂದೇ ಇರಲಿ. ಆಂಗ್ಲ ಮಾಧ್ಯಮದ ಶಾಲೆಗೆ ಹೋಗಿ ಕನ್ನಡದ ಅಕ್ಷರವನ್ನೇ ತಡವರಿಸುವ ಮಗುವಿಗಂತೂ ತಾಯಿಯ ಬಾಯಿಂದ ಕೇಳಿ ಕಲಿತ ಕೀರ್ತನೆಯೇ ಕನ್ನಡದ ಪ್ರೌಢ ಗದ್ಯದ ಏಕಮಾತ್ರ ಪರಿಚಯವಾಗಿ ಉಳಿಯುವ ಸಂಭವವುಂಟು. ಅಂಥ ಮಗುವಿಗೆ ವಚನಗಳನ್ನು ಇಂಗ್ಲಿಷಿನಲ್ಲಿಯೇ ಕಲಿಸಿದರೆ ಸಾಕೆನ್ನುವ ಸಭೆಯ ಹಿರಿಯರು, ಮನೆಯ ಪ್ರಾರ್ಥನೆಯು ಇನ್ನು ಮುಂದೆ ಯಾವ ಭಾಷೆಯಲ್ಲಿ ನಡೆಯಬೇಕೆಂಬುದನ್ನು ಅಜ್ಜಿಯನ್ನೂ ಕೂರಿಸಿಕೊಂಡು ಹೇಳಲಿ.