ಮಗು ಅತ್ತರೆ ತಾಯಿಯನ್ನು ಯಾಕೆ ಬೈತೀರಿ?

 

ಕೈಕೂಸು ಅಳೋದು ನಮ್ಮೂರಲ್ಲಿ ಯಾರಿಗೂ ಹೊಸದಲ್ಲ. ಅದು ಅತ್ತ ಕೂಡಲೇ ಮನೆಯವರು ಎರಡು ಕೆಲಸ ಮಾಡುತ್ತಾರೆ. ಮಗುವಿನ ಬಾಯಿಗೆ ಏನಾದರೂ ಹಾಕುತ್ತಾರೆ. ಆಮೇಲೆ ತಾಯಿಯನ್ನು ಬೈಯುತ್ತಾರೆ. "ನಿನ್ನ ಹಾಲು ಸಾಲ್ತಿಲ್ಲ", "ನೀನು ಹಲಸಿನ ಹಣ್ಣು ತಿಂದೆ, ಅದಕ್ಕೇ ಮಗೂಗೆ ಹೊಟ್ಟೆನೋವು", "ಕತ್ತಲಾದ ಮೇಲೆ ಈಚೆಗೆ ಯಾಕೆ ಬಂದೆ, ದೃಷ್ಟಿ ಆಯ್ತು ನೋಡು". ಇವೆರಡೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮಗು ಅತ್ತರೆ ಮೊದಲು ಬೇಕಾಗಿರೋದು ಇನ್ನೊಬ್ಬರ ಕೈ.

ಇದನ್ನು ಸುಮ್ಮನೆ ಬಾಯಿಗೆ ಬಂದಂತೆ ಹೇಳುತ್ತಿಲ್ಲ. ಈ ಸಲದ ಬೇಸಿಗೆ ರಜೆ ಪೂರ್ತಿ ನಾನು ಅಜ್ಜಿಯ ಜೊತೆ ಬೆಂಗಳೂರಿನ ಎನ್.ಆರ್. ಕಾಲೋನಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಎನ್.ಆರ್. ಕಾಲೋನಿ ಅಂದರೆ ಬಸವನಗುಡಿ ಪಕ್ಕ. ಎಪಿಎಸ್ ಕಾಲೇಜು ಇರೋದು ಅಲ್ಲೇ. ಗಾಂಧಿ ಬಜಾರಿಗೆ ನಡೆದೇ ಹೋಗಬಹುದು. ಚಿಕ್ಕಮ್ಮನಿಗೆ ಮಾರ್ಚ್ ತಿಂಗಳಲ್ಲಿ ವಾಣಿವಿಲಾಸ ಆಸ್ಪತ್ರೆಯಲ್ಲಿ ಗಂಡು ಮಗು ಆಯಿತು. ಚುಚ್ಚುಮದ್ದಿಗೆ ಆಸ್ಪತ್ರೆ ಹತ್ತಿರವಾಗುತ್ತದೆ ಅಂತ ಊರಿಗೆ ಕರೆತರದೆ ಅಲ್ಲೇ ಬಾಣಂತನ ಮಾಡಿದರು. ಅವರದು ಹಳೇ ವಠಾರ. ಆರು ಮನೆಗೆ ಒಂದೇ ಅಂಗಳ. ಒಂದು ಮನೆಯಲ್ಲಿ ಮಗು ಅತ್ತರೆ ಆರು ಮನೆಗೂ ಕೇಳಿಸುತ್ತದೆ, ಆರು ಮನೆಯವರೂ ಬುದ್ಧಿ ಹೇಳುತ್ತಾರೆ.

ಪುಟ್ಟ ಹಗಲೆಲ್ಲಾ ಚೆನ್ನಾಗಿರುತ್ತಿದ್ದ. ಸಂಜೆ ಆರು ಗಂಟೆಗೆ ಸರಿಯಾಗಿ ಶುರುಮಾಡಿದರೆ ಒಂಬತ್ತರವರೆಗೆ ಒಂದೇ ರಾಗ. ಮುಖ ಕೆಂಪಗೆ, ಮುಷ್ಟಿ ಬಿಗಿ, ಕಾಲು ಹೊಟ್ಟೆಗೆ ಮಡಚಿಕೊಳ್ಳೋನು. ಹಾಲು ಕೊಟ್ಟರೆ ಎರಡು ಗುಟುಕು ಕುಡಿದು ಮತ್ತೆ ಕಿರುಚೋನು. ಅಜ್ಜಿ ಏಳು ಹೆತ್ತವಳು. ಅವಳೇ ಒಂದೊಂದು ದಿನ "ಇದೇನವ್ವ ಇದು" ಅಂತ ಸುಸ್ತಾಗಿ ಕೂತುಬಿಡುತ್ತಿದ್ದಳು.

ಆಗ ವಠಾರದ ಸಲಹೆಗಳು ಬಂದವು. ಒಬ್ಬರು ಬಜೆ ತೇಯ್ದು ನಾಲಿಗೆಗೆ ಹಚ್ಚಿ ಅಂದರು. ಒಬ್ಬರು ಜೇನುತುಪ್ಪ ನೆಕ್ಕಿಸಿ ಅಂದರು. ಇನ್ನೊಬ್ಬರು ಗ್ರೈಪ್ ವಾಟರ್ ಬಾಟಲಿಯನ್ನೇ ತಂದುಕೊಟ್ಟರು. ಚಿಕ್ಕಪ್ಪ ಮಗುವನ್ನು ತೋರಿಸಿಕೊಂಡು ಬಂದರು. ಡಾಕ್ಟರಮ್ಮ ತೂಕ ನೋಡಿ, ಹೊಟ್ಟೆ ಮುಟ್ಟಿ ನೋಡಿ, ಮಗುವಿಗೆ ಏನೂ ಆಗಿಲ್ಲ, ಹಾಲೂ ಸಾಲುತ್ತಿದೆ ಅಂದರಂತೆ. 6 ತಿಂಗಳು ತುಂಬುವವರೆಗೆ ತಾಯಿಯ ಹಾಲು ಬಿಟ್ಟು ನೀರೂ ಬೇಡ. ಜೇನುತುಪ್ಪವನ್ನಂತೂ 1 ವರ್ಷ ತುಂಬುವವರೆಗೆ ಮುಟ್ಟಿಸಲೇಬಾರದು. ಅದರಲ್ಲಿ ಒಂದು ಜಾತಿಯ ರೋಗಾಣುವಿನ ಬೀಜಕಣ ಇರಬಹುದು, ದೊಡ್ಡವರಿಗೆ ಏನೂ ಆಗುವುದಿಲ್ಲ, ಎಳೇ ಮಗುವಿನ ಕರುಳಿನಲ್ಲಿ ಅದು ಬೆಳೆದು ವಿಷವಾಗುತ್ತದೆ. ಕೈಕಾಲು ಸೋತು ಉಸಿರಾಟಕ್ಕೇ ತೊಂದರೆ ಆಗಬಹುದು.

ಗ್ರೈಪ್ ವಾಟರ್ ಕಥೆ ಕೇಳಿ ನನಗೆ ನಗು ಬಂತು. ಅದನ್ನು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನ ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ವ್ಯಾಪಾರಿ ಮಾಡಿದ್ದು. ಅದರಲ್ಲಿ ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾದಂಥ ಪುಡಿ, ಸಕ್ಕರೆ ಇದ್ದವು, ಜೊತೆಗೆ ಮದ್ಯಸಾರವೂ ಇತ್ತು! ಈಗ ಮದ್ಯಸಾರ ತೆಗೆದಿದ್ದಾರೆ. ಆ ಕಾಲದಲ್ಲಿ ಕುಡಿದ ಮಕ್ಕಳು ಯಾಕೆ ಸುಮ್ಮನಾಗುತ್ತಿದ್ದವು ಅಂತ ನೀವೇ ಯೋಚಿಸಿ.

ಹಾಗಾದರೆ ಪುಟ್ಟ ಯಾಕೆ ಅಳುತ್ತಿದ್ದ? ಎಳೇ ಮಕ್ಕಳ ಅಳು ಹುಟ್ಟಿದ ಎರಡು ವಾರಕ್ಕೆ ಹೆಚ್ಚಾಗುತ್ತಾ ಹೋಗಿ, ಆರು ಎಂಟು ವಾರಕ್ಕೆ ತುಂಬಾ ಜೋರಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗೇ ಇಳಿಯುತ್ತದೆ. ಅದರಲ್ಲೂ ಸಂಜೆ ಹೊತ್ತೇ ಹೆಚ್ಚು. 1954ರಲ್ಲಿ ಅಮೆರಿಕದ ಮಾರಿಸ್ ವೆಸೆಲ್ ಎಂಬ ಡಾಕ್ಟರು ಇದಕ್ಕೆ ಒಂದು ಲೆಕ್ಕ ಬರೆದಿಟ್ಟರು. ಚೆನ್ನಾಗಿ ಬೆಳೆಯುತ್ತಿರುವ ಮಗು ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಕಾಲ ಅತ್ತರೆ ಅದಕ್ಕೆ ಕಾಲಿಕ್ ಅನ್ನುತ್ತಾರೆ. ಬಹಳ ಸಲ ಕಾರಣವೇ ಸಿಗುವುದಿಲ್ಲ. ಡಾಕ್ಟರುಗಳಿಗೇ ಸಿಗದ ಕಾರಣ ವಠಾರದವರಿಗೆ ಸಿಕ್ಕಿಬಿಟ್ಟಿತ್ತು, ಅದು ನನ್ನ ಚಿಕ್ಕಮ್ಮ!

ಒಂದು ದಿನ ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದಳು, ಚಿಕ್ಕಪ್ಪ ಇನ್ನೂ ಕೆಲಸದಿಂದ ಬಂದಿರಲಿಲ್ಲ. ನಾನು ಅಂಗಡಿಯಿಂದ ಹಾಲು ತರುವಾಗ ಚಿಕ್ಕಮ್ಮ ಅಂಗಳದ ನಲ್ಲಿ ಹತ್ತಿರ ನಿಂತಿದ್ದಳು. ಒಳಗೆ ತೊಟ್ಟಿಲಲ್ಲಿ ಪುಟ್ಟ ಕಿರುಚುತ್ತಿದ್ದ. ಪಕ್ಕದ ಮನೆಯ ದೊಡ್ಡಮ್ಮನವರು ಬಾಗಿಲಲ್ಲಿ ನಿಂತು, "ಎಂಥಾ ತಾಯಿನಮ್ಮಾ ನೀನು, ಕೂಸನ್ನ ಅಳೋಕೆ ಬಿಟ್ಟು ಗಾಳಿ ತಗೊಳ್ತಿದೀಯಲ್ಲ" ಅಂದರು. ಚಿಕ್ಕಮ್ಮ ಉತ್ತರ ಕೊಡಲಿಲ್ಲ. ಮುಖಕ್ಕೆ ನೀರು ಹಾಕಿಕೊಂಡಳು. ಅದು ನೀರೋ ಕಣ್ಣೀರೋ ಗೊತ್ತಾಗಲಿಲ್ಲ. ಅವಳು ಮೂರು ರಾತ್ರಿಯಿಂದ ಸರಿಯಾಗಿ ಮಲಗಿರಲಿಲ್ಲ, ಅದು ನನಗೆ ಗೊತ್ತಿತ್ತು.

ಚಿಕ್ಕಮ್ಮ ಮಾಡಿದ್ದೇ ಸರಿ ಅಂತ ನಾನು ಹೇಳುತ್ತೇನೆ. ತಡೆಯಲಾರದಷ್ಟು ಸಿಟ್ಟು ಬಂದಾಗ ಮಗುವನ್ನು ಅಂಗಾತ ಮಲಗಿಸಿ ಐದು ನಿಮಿಷ ಈಚೆ ಬಂದರೆ ಮಗುವಿಗೆ ಏನೂ ಆಗುವುದಿಲ್ಲ. ಸಿಟ್ಟಿನಲ್ಲಿ ಕೂಸನ್ನು ಹಿಡಿದು ಅಲುಗಾಡಿಸಿದರೆ ತಲೆಯೊಳಗೆ ರಕ್ತ ಬರುತ್ತದೆ, ಕಣ್ಣು ಹೋಗಬಹುದು, ಜೀವವೇ ಹೋಗಬಹುದು. ಯಾಕೆಂದರೆ ಅದಕ್ಕೆ ಕತ್ತು ನಿಂತಿರುವುದಿಲ್ಲ. ದೊಡ್ಡಮ್ಮನವರು ಒಳ್ಳೆಯವರೇ, ದಿನಾ ನಮಗೆ ಸಾರು ಕೊಡುತ್ತಿದ್ದರು. ಆದರೆ ಆ ಮಾತು ಆಡುವ ಬದಲು ಒಳಗೆ ಹೋಗಿ ಮಗುವನ್ನು ಎತ್ತಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು!

ಮಾರನೇ ದಿನದಿಂದ ಚಿಕ್ಕಪ್ಪನೇ ಪಾಳಿ ಹಾಕಿದರು. ಅಜ್ಜಿ, ಚಿಕ್ಕಪ್ಪ, ನಾನು. ಸಂಜೆ ಹಾಲು ಕುಡಿಸಿದ ಮೇಲೆ ಚಿಕ್ಕಮ್ಮ ಮಲಗಬೇಕು, ಅಷ್ಟೇ ಅವಳ ಕೆಲಸ. ನಾವು ಮೊದಲು ಬಟ್ಟೆ ಒದ್ದೆ ಆಗಿದೆಯಾ, ಸೆಕೆ ಆಗುತ್ತಿದೆಯಾ, ಇರುವೆ ಕಚ್ಚಿದೆಯಾ ನೋಡುತ್ತಿದ್ದೆವು. ಕಾಲ್ಬೆರಳಿಗೆ ಕೂದಲು ಸುತ್ತಿಕೊಂಡಿದ್ದರೂ ಮಕ್ಕಳು ಅಳುತ್ತವೆ ಅಂತ ಅಜ್ಜಿ ಹೇಳಿಕೊಟ್ಟಳು. ಆಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿ ತೇಗು ಬರಿಸೋದು. ಆಮೇಲೆ ಹಳೇ ಪಂಚೆಯಲ್ಲಿ ಸಡಿಲವಾಗಿ ಸುತ್ತಿ ಎದೆಗೆ ಒತ್ತಿಕೊಂಡು ನಡೆಯೋದು. ನಮ್ಮ ಮನೆ ಬಾಗಿಲಿಂದ ವಠಾರದ ಗೇಟಿಗೆ 22 ಹೆಜ್ಜೆ. ನಾನು ಎಣಿಸಿದ್ದೇನೆ.

ಜಪಾನಿನ ರಿಕೆನ್ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ ಅಂತ ಚಿಕ್ಕಪ್ಪ ಮೊಬೈಲಿನಲ್ಲಿ ಓದಿ ಹೇಳಿದರು. ಅಳುವ ಮಗುವನ್ನು ಎತ್ತಿಕೊಂಡು 5 ನಿಮಿಷ ನಿಲ್ಲದೆ ನಡೆಯಬೇಕು. ನಿದ್ದೆ ಬಂದ ಮೇಲೆ ತಕ್ಷಣ ಮಲಗಿಸದೆ 5ರಿಂದ 8 ನಿಮಿಷ ಎತ್ತಿಕೊಂಡೇ ಕೂತಿರಬೇಕು. ಅಜ್ಜಿ ಕೇಳಿ, "ಕತ್ತು ಭಾರ ಆಗೋಗಂಟ ಕೆಳಗಿಡಬೇಡ ಅಂತ ನಾನು ಹೇಳ್ಲಿಲ್ವಾ? ಅದಕ್ಕೆ ಜಪಾನ್ ಬೇಕಿತ್ತಾ?" ಅಂದಳು.

ಅಜ್ಜಿ ಜೋಗುಳ ಹಾಡುತ್ತಿದ್ದಳು. ಚಿಕ್ಕಪ್ಪನಿಗೆ ಜೋಗುಳ ಬರಲ್ಲ, ಸುಮ್ಮನೆ ಶ್‌ಶ್ ಅನ್ನುತ್ತಿದ್ದರು. ನಾನು ಹದಿಮೂರರ ಮಗ್ಗಿ ಹೇಳುತ್ತಿದ್ದೆ. ಒಂದೇ ಸಮನೆ ಸಣ್ಣ ದನಿಯಲ್ಲಿ ಹೇಳಿದರೆ ಪುಟ್ಟ ಹದಿಮೂರು ಏಳಲ ತೊಂಬತ್ತೊಂದಕ್ಕೆ ಕಣ್ಣು ಮುಚ್ಚುತ್ತಿದ್ದ. (ಗಣಿತದ ಮೇಷ್ಟ್ರು ನಗಬಾರದು.) ಕೆಲವು ದಿನ ಏನು ಮಾಡಿದರೂ ಅಳು ನಿಲ್ಲುತ್ತಿರಲಿಲ್ಲ. ಆದರೆ ಅಳುವ ಮಗುವನ್ನು ಮೂರು ಜನ ಹಂಚಿಕೊಂಡರೆ ಯಾರಿಗೂ ಸಿಟ್ಟು ಬರುವುದಿಲ್ಲ. ಜ್ವರ ಬಂದರೆ, ಹಸಿರು ವಾಂತಿ ಆದರೆ, ಹಾಲೇ ಕುಡಿಯದಿದ್ದರೆ ಮಾತ್ರ ಪಾಳಿ ಗೀಳಿ ಅನ್ನದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈಗ ನಮ್ಮೂರಿನ ಮಾತು. ಇಲ್ಲಿ ಪಾಳಿ ಅಂದರೆ ಮನೆಯ ದೊಡ್ಡ ಹುಡುಗಿ ಒಬ್ಬಳೇ. ನಮ್ಮ ತರಗತಿಯಲ್ಲಿ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲು ವಾರಗಟ್ಟಲೆ ಶಾಲೆ ಬಿಟ್ಟವರು ಇದ್ದಾರೆ. ಹೆಸರು ಬರೆಯುವುದಿಲ್ಲ. ಅವರೆಲ್ಲ ಹುಡುಗಿಯರೇ. ಅದೇ ಮನೆಯ ಅಣ್ಣಂದಿರು ಅರಳಿಕಟ್ಟೆ ಹತ್ತಿರ ಚೆಂಡಾಡುತ್ತಿರುತ್ತಾರೆ. "ಮಗು ಎತ್ಕೊಳ್ಳೋದು ಹೆಂಗಸರ ಕೆಲಸ" ಅಂತ ನಮ್ಮ ತರಗತಿಯ ಒಬ್ಬ ಹೇಳಿದ. ನನ್ನ ಚಿಕ್ಕಪ್ಪ ಆರು ಮನೆಯವರ ಎದುರಿಗೇ ಎತ್ತಿಕೊಂಡು ನಡೆಯುತ್ತಿದ್ದರು, ಅವರ ಮೀಸೆಯೇನೂ ಉದುರಲಿಲ್ಲ. ಊರಿನ ಆಶಾ ಅಕ್ಕ ಬಾಣಂತಿಯರ ಮನೆಗೆ 42 ದಿನದವರೆಗೆ ಬಂದು ಹೋಗುತ್ತಾರಲ್ಲ, ಅವರು ಬಂದಾಗ ತಾಯಿ ಮಾತ್ರ ಅಲ್ಲ, ಅಪ್ಪ, ಅಣ್ಣ ಎಲ್ಲರೂ ಕೂತು ಕೇಳಬೇಕು. ಮೇಷ್ಟ್ರುಗಳೂ ಹಾಜರಿ ಕರೆಯುವಾಗ ಬಾರದ ಹುಡುಗಿಯ ಮನೆಯಲ್ಲಿ ಕೂಸಿದೆಯಾ ಅಂತ ವಿಚಾರಿಸಿದರೆ ಒಳ್ಳೆಯದು.

ಪುಟ್ಟನಿಗೆ ಈಗ ಐದು ತಿಂಗಳು. ಸಂಜೆಯ ಅಳು ನಿಂತಿದೆ. ಈಗ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನಂತೆ. ಈ ಬರಹಕ್ಕೆ ಉತ್ತರ ಬರೆಯುವವರು ಮುಂದಿನ ತಿಂಗಳ ಗೋಡೆ ಪತ್ರಿಕೆಗೆ ಬರೆಯಿರಿ. ಹುಡುಗರು ಬರೆದರೆ ಇನ್ನೂ ಸಂತೋಷ.

– 7ನೇ ತರಗತಿಯ ವಿದ್ಯಾರ್ಥಿನಿ