ಕೊಳವೆ ಅಗ್ಗ, ಅಗೆತ ದುಬಾರಿ

ಮಳಿಗೆಯ ಛಾವಣಿ ಸೋರುವ ಸೂಚನೆ ಕಂಡರೆ ವ್ಯಾಪಾರಿಯು ಮಳೆಗಾಲಕ್ಕೆ ಮುನ್ನವೇ ಅದನ್ನು ಸರಿಪಡಿಸುತ್ತಾನೆ. ವಿದ್ಯುತ್ ತಂತಿ ಹಳತಾದರೆ ಬೆಂಕಿಯ ಭಯದಿಂದ ಬದಲಾಯಿಸುತ್ತಾನೆ. ಆದರೆ ಶೌಚಗೃಹದಿಂದ ಬೀದಿಯ ಮ್ಯಾನ್‌ಹೋಲ್‌ವರೆಗೆ ನೆಲದಡಿಯಲ್ಲಿ ಸಾಗುವ ಒಳಚರಂಡಿ ಕೊಳವೆಯ ವಿಷಯದಲ್ಲಿ ಮಾತ್ರ, ಅದು ಕಟ್ಟಿಕೊಂಡು ಹೊಲಸು ನೀರು ಅಂಗಳಕ್ಕೆ ಉಕ್ಕುವವರೆಗೂ ಯಾರೂ ಯೋಚಿಸುವುದಿಲ್ಲ. ಉಕ್ಕಿದ ದಿನ ಯೋಚಿಸಲು ಸಮಯವಿರುವುದಿಲ್ಲ. ಅಂದು ಸಿಕ್ಕವನೇ ಪ್ಲಂಬರ್, ಅವನು ಹೇಳಿದ್ದೇ ದರ. ಹೀಗೆ ಆತುರದಲ್ಲಿ ಮಾಡಿಸುವ ಕೆಲಸವೇ ಎಲ್ಲಕ್ಕಿಂತ ದುಬಾರಿಯಾದದ್ದು ಎಂಬುದನ್ನು ನಮ್ಮ ಸದಸ್ಯ ಬಂಧುಗಳು ಮನಗಾಣಬೇಕಾಗಿದೆ. ಈ ಕೆಲಸವನ್ನು ಒಬ್ಬೊಬ್ಬರೇ ಸಂಕಟದ ಹೊತ್ತಿನಲ್ಲಿ ಮಾಡಿಸುವುದನ್ನು ಬಿಟ್ಟು, ಬೀದಿಗೊಂದರಂತೆ ಒಟ್ಟಾಗಿ, ರಸ್ತೆಗೆ ಹೊಸ ಹೊದಿಕೆ ಬೀಳುವ ಮುನ್ನವೇ ಮುಗಿಸಬೇಕೆಂಬುದು ಈ ಲೇಖನದ ಅಭಿಪ್ರಾಯ.

ನೆಲದಡಿಯ ಸ್ಥಿತಿ

ಬೆಂಗಳೂರಿನ ಚಿಕ್ಕಪೇಟೆ, ಮೈಸೂರಿನ ಸಂತೆಪೇಟೆ, ಹುಬ್ಬಳ್ಳಿಯ ದುರ್ಗದ ಬೈಲು ಮುಂತಾದ ಹಳೆಯ ವ್ಯಾಪಾರ ಪ್ರದೇಶಗಳಲ್ಲಿ ಕೆಳಗೆ ಮಳಿಗೆ, ಮೇಲೆ ಮನೆ ಎಂಬ ಕಟ್ಟಡಗಳು ಇಂದಿಗೂ ಸಾಕಷ್ಟಿವೆ. ಪ್ಲಾಸ್ಟಿಕ್ ಕೊಳವೆಗಳು ಬಳಕೆಗೆ ಬರುವ ಮುನ್ನ ಇಂತಹ ಕಟ್ಟಡಗಳಿಗೆ ಹಾಕುತ್ತಿದ್ದುದು ಸಾಮಾನ್ಯವಾಗಿ ಸ್ಟೋನ್‌ವೇರ್ ಕೊಳವೆ. ಮೆರುಗು ಕೊಟ್ಟು ಸುಟ್ಟ ಜೇಡಿಮಣ್ಣಿನ ಈ ಕೊಳವೆಗೆ ಆಮ್ಲ, ಕ್ಷಾರಗಳ ಭಯವಿಲ್ಲ, ತುಕ್ಕು ಹಿಡಿಯುವುದಿಲ್ಲ. ಅದರ ದೌರ್ಬಲ್ಯವಿರುವುದು ಕೀಲುಗಳಲ್ಲಿ. ಒಂದೊಂದು ತುಂಡಿನ ಉದ್ದ ಸುಮಾರು 60 ಸೆಂ.ಮೀ. ಮಾತ್ರ. ಹದಿನೈದು ಮೀಟರ್ ಉದ್ದದ ಮಾರ್ಗಕ್ಕೆ 25 ತುಂಡುಗಳು, 24 ಕೀಲುಗಳು ಬೇಕಾಗುತ್ತವೆ. ಪ್ರತಿ ಕೀಲನ್ನೂ ನಾರು ತುಂಬಿ ಸಿಮೆಂಟ್ ಗಾರೆಯಿಂದ ಮುಚ್ಚಲಾಗುತ್ತಿತ್ತು. ನೆಲ ಸ್ವಲ್ಪ ಕುಸಿದರೂ ಬಾಗಲಾರದ ಗಾರೆ ಬಿರುಕು ಬಿಡುತ್ತದೆ; ಬಿರುಕಿನಲ್ಲಿ ತೇವವನ್ನರಸಿ ಮರದ ಬೇರು ನುಗ್ಗುತ್ತದೆ; ಬೇರಿಗೆ ಬಟ್ಟೆ, ಕೂದಲು, ಜಿಡ್ಡು ಸಿಕ್ಕಿಕೊಳ್ಳುತ್ತವೆ. ಕೊಳವೆ ಹಾಕಿದ ದಿನಗಳಲ್ಲಿ ಒಂದು ಕುಟುಂಬವಿದ್ದ ಕಟ್ಟಡದಲ್ಲಿ ಇಂದು ನಾಲ್ಕು ಬಾಡಿಗೆದಾರರೂ ಒಂದು ಉಪಾಹಾರ ಗೃಹವೂ ಇದ್ದಲ್ಲಿ ಆ ಹೊರೆಯನ್ನು ಹೊರುತ್ತಿರುವುದು ಅದೇ ಕೊಳವೆ.

ವೆಚ್ಚ ಎಲ್ಲಿದೆ?

ಕೊಳವೆ ಬದಲಾವಣೆ ಎಂದೊಡನೆ ನಾವು ಕೇಳುವ ಮೊದಲ ಪ್ರಶ್ನೆ ಕೊಳವೆಯ ದರ. ವಾಸ್ತವದಲ್ಲಿ ಅದು ಕೊನೆಯ ಪ್ರಶ್ನೆಯಾಗಬೇಕು. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. ಮಾರ್ಗದ ಉದ್ದ 15 ಮೀಟರ್. ಅದರಲ್ಲಿ 6 ಮೀಟರ್ ಕಟ್ಟಡದ ಆವರಣದಲ್ಲಿ, 9 ಮೀಟರ್ ರಸ್ತೆಯಡಿಯಲ್ಲಿ ಇದೆ ಎಂದಿಟ್ಟುಕೊಳ್ಳೋಣ. ಗುಂಡಿಯ ಅಗಲ 0.6 ಮೀಟರ್, ಸರಾಸರಿ ಆಳ 1.2 ಮೀಟರ್ ಆದರೆ ತೆಗೆಯಬೇಕಾದ ಮಣ್ಣು 10.8 ಘನ ಮೀಟರ್. ತೂಕದಲ್ಲಿ ಸುಮಾರು 18 ಟನ್. ಇಷ್ಟು ಮಣ್ಣನ್ನು ಇಕ್ಕಟ್ಟಾದ ಬೀದಿಯಲ್ಲಿ ತೆಗೆದು, ಕಾಯ್ದಿಟ್ಟು, ಮತ್ತೆ ತುಂಬಿ, ಉಳಿದುದನ್ನು ಸಾಗಿಸಬೇಕು. ಇದಕ್ಕೆ ಬೇಕಾಗುವ ಪಿ.ವಿ.ಸಿ. ಕೊಳವೆಯಾದರೋ ಆರು ಮೀಟರ್ ಉದ್ದದ ಮೂರು ಮಾತ್ರ. ಮನೆಯಳತೆಯ 160 ಮಿ.ಮೀ. ಕೊಳವೆಯ ದರ ಮೀಟರಿಗೆ ನೂರುಗಳಲ್ಲಿದ್ದು, ಕೊಳವೆಯ ಬಾಬ್ತು ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯುತ್ತದೆ. ಅಗೆತ, ಕೂಲಿ, ಛೇಂಬರುಗಳ ಮರುನಿರ್ಮಾಣ, ಒಡೆದ ನೆಲಹಾಸಿನ ದುರಸ್ತಿ, ರಸ್ತೆ ಕತ್ತರಿಸುವ ಅನುಮತಿ ಮತ್ತು 5.4 ಚದರ ಮೀಟರ್ ರಸ್ತೆಯನ್ನು ಮೊದಲಿನಂತೆ ಮಾಡಿಕೊಡುವ ಶುಲ್ಕ ಇವೆಲ್ಲ ಸೇರಿ ಅದರ ಹಲವು ಪಟ್ಟಾಗುತ್ತವೆ. ಯಾವ ಅಂದಾಜು ಪಟ್ಟಿಯಲ್ಲೂ ಕಾಣದ ಇನ್ನೊಂದು ಬಾಬ್ತೂ ಇದೆ: ಬಾಗಿಲ ಮುಂದೆ ಗುಂಡಿ ಇದ್ದಷ್ಟು ದಿನ ತಪ್ಪಿಹೋಗುವ ವ್ಯಾಪಾರ.

ಈ ಲೆಕ್ಕದಿಂದ ಎರಡು ತೀರ್ಮಾನಗಳು ತಾವಾಗಿ ಹೊರಡುತ್ತವೆ. ಮೊದಲನೆಯದಾಗಿ, ಕೊಳವೆಯ ಗುಣಮಟ್ಟದಲ್ಲಿ ಉಳಿತಾಯ ಮಾಡುವುದು ಅವಿವೇಕ. ಕಟ್ಟಡದ ಗೋಡೆಗೆ ಹಾಕುವ ಎಸ್.ಡಬ್ಲ್ಯು.ಆರ್. ಕೊಳವೆಗೆ ಐ.ಎಸ್. 13592 ಎಂಬ ಮಾನಕವಿದ್ದರೆ, ನೆಲದಡಿಯ ಒಳಚರಂಡಿಯ ಪಿ.ವಿ.ಸಿ. ಕೊಳವೆಗೆ ಐ.ಎಸ್. 15328 ಎಂಬ ಪ್ರತ್ಯೇಕ ಮಾನಕವಿದೆ. ಎರಡನೆಯದರಲ್ಲಿ ಮಣ್ಣಿನ ಮತ್ತು ವಾಹನದ ಭಾರವನ್ನು ತಡೆಯುವ ಬಿಗಿತಕ್ಕನುಗುಣವಾಗಿ ಎಸ್.ಎನ್. 2, 4, 8 ಎಂಬ ವರ್ಗಗಳಿವೆ. ಲಾರಿ ಓಡಾಡುವ ಪೇಟೆಯ ರಸ್ತೆಯಡಿಯಲ್ಲಿ ಗೋಡೆಯ ಕೊಳವೆಯನ್ನು ಹೂಳಿ ಉಳಿಸುವ ಹಣ, ಮತ್ತೊಮ್ಮೆ ಅಗೆಯುವ ವೆಚ್ಚದ ಮುಂದೆ ನಗಣ್ಯ. ಎರಡನೆಯದಾಗಿ, ನಿಜವಾದ ಉಳಿತಾಯವು ಅಗೆತವನ್ನು ಕಡಿಮೆ ಮಾಡುವುದರಲ್ಲಿ ಅಥವಾ ಹಂಚಿಕೊಳ್ಳುವುದರಲ್ಲಿ ಇದೆ.

ವಿಧಾನಗಳ ಆಯ್ಕೆ

ಅಗೆಯುವ ಮುನ್ನ ನೋಡಬೇಕು. ಉದ್ದನೆಯ ಬಾಗುವ ಸರಳಿನ ತುದಿಗೆ ಕಟ್ಟಿದ ಕ್ಯಾಮೆರಾವನ್ನು ಕೊಳವೆಯೊಳಗೆ ತೂರಿಸಿ ಬಿರುಕು, ಬೇರು, ಕುಸಿತ ಎಲ್ಲೆಲ್ಲಿವೆ ಎಂದು ಕಣ್ಣಾರೆ ಕಾಣಬಹುದು. ದೋಷವು ಒಂದೆರಡು ಮೀಟರಿಗೆ ಸೀಮಿತವೆಂದು ಕಂಡುಬಂದರೆ ಪೂರ್ಣ ಬದಲಾವಣೆಯ ಅಗತ್ಯವೇ ಬೀಳದು. ಕೇವಲ ಜಿಡ್ಡು ಕಟ್ಟಿದ್ದರೆ ಜೆಟ್ಟಿಂಗ್ ಯಂತ್ರದ ಅಧಿಕ ಒತ್ತಡದ ನೀರೇ ಸಾಕು. ತಪಾಸಣೆಯಿಲ್ಲದೆ ಕೊಡುವ ದರಪಟ್ಟಿಯು ಬರಿಯ ಊಹೆ. ಅಂತಹುದಕ್ಕೆ ಸಹಿ ಹಾಕಬಾರದು.

ಬದಲಾವಣೆ ಅನಿವಾರ್ಯವಾದಲ್ಲಿ ಮೂರು ಮಾರ್ಗಗಳಿವೆ. ತೆರೆದ ಗುಂಡಿಯ ವಿಧಾನ ಎಲ್ಲರಿಗೂ ಪರಿಚಿತ. ಹಳೆಯ ಮಾರ್ಗ ಕುಸಿದು ವಾಟ ಕೆಟ್ಟಿದ್ದರೆ ಇದೇ ಸೂಕ್ತ. ಏಕೆಂದರೆ ಹೊಸ ವಾಟ ಕೊಡಲು ತಳವನ್ನು ಹೊಸದಾಗಿ ಹದಗೊಳಿಸಲೇಬೇಕು. ನಾಲ್ಕಿಂಚಿನ ಕೊಳವೆಗೆ 40ಕ್ಕೆ 1, ಆರಿಂಚಿನದಕ್ಕೆ 60ಕ್ಕೆ 1 ಎಂಬುದು ಹಳೆಯ ಮೇಸ್ತ್ರಿಗಳ ಲೆಕ್ಕ. ಆರಿಂಚಿನ ಕೊಳವೆಯು 15 ಮೀಟರ್ ಸಾಗುವಲ್ಲಿ 25 ಸೆಂ.ಮೀ. ಇಳಿಯಬೇಕೆಂದು ಇದರ ಅರ್ಥ.

ಎರಡನೆಯದು, ಹಳೆಯ ಕೊಳವೆಯನ್ನು ಒಳಗಿನಿಂದಲೇ ಒಡೆದು ಹೊಸದನ್ನು ಎಳೆದುಕೊಳ್ಳುವ ವಿಧಾನ. ಎರಡು ತುದಿಗಳಲ್ಲಿ ಗುಂಡಿ ತೆಗೆದು, ಶಂಕುವಿನಾಕಾರದ ಉಕ್ಕಿನ ತಲೆಯನ್ನು ಹಗ್ಗ ಅಥವಾ ಸರಳಿನಿಂದ ಎಳೆದರೆ ಅದು ಹಳೆಯ ಕೊಳವೆಯನ್ನು ಚೂರುಮಾಡುತ್ತ ಸಾಗುತ್ತದೆ. ಅದರ ಬೆನ್ನಿಗೆ ಎಚ್.ಡಿ.ಪಿ.ಇ. ಕೊಳವೆ ಬರುತ್ತದೆ. ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಯಲ್ಲಿ ಅನಿಲ ಕೊಳವೆಗಳ ಬದಲಾವಣೆಗಾಗಿ ಈ ವಿಧಾನ ರೂಪುಗೊಂಡಿತು. ಆದರೆ ಪಕ್ಕದಲ್ಲೇ ನೀರಿನ ಕೊಳವೆ, ವಿದ್ಯುತ್ ಕೇಬಲ್‌ಗಳು ಒತ್ತಾಗಿರುವ ಬೀದಿಯಲ್ಲಿ ಚೂರುಗಳ ಒತ್ತಡದಿಂದ ಅವುಗಳಿಗೆ ಹಾನಿಯಾಗುವ ಸಂಭವವಿದೆ.

ಮೂರನೆಯದು ಒಳಪದರದ ವಿಧಾನ. ರಾಳದಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ಹಳೆಯದರೊಳಗೆ ಸೇರಿಸಿ, ಉಬ್ಬಿಸಿ, ಬಿಸಿನೀರು, ಹಬೆ ಅಥವಾ ನೇರಳಾತೀತ ಬೆಳಕಿನಿಂದ ಗಟ್ಟಿಗೊಳಿಸಲಾಗುತ್ತದೆ. ಎರಿಕ್ ವುಡ್ ಎಂಬ ಇಂಜಿನಿಯರ್ 1971ರಲ್ಲಿ ಲಂಡನ್ನಿನಲ್ಲಿ ಇದನ್ನು ಮೊದಲು ಪ್ರಯೋಗಿಸಿದರು. ಬಿರುಕು, ಬೇರುಗಳಿಗೆ ಇದು ಉತ್ತಮ ಪರಿಹಾರ. ಪೂರ್ತಿ ಕುಸಿದ ಕೊಳವೆಗೆ ಇದು ಒದಗದು. ಕೆಟ್ಟ ವಾಟವನ್ನೂ ಸರಿಪಡಿಸದು, ಏಕೆಂದರೆ ಹೊಸ ಪದರ ಹಳೆಯ ಬಾಗನ್ನೇ ಅನುಸರಿಸುತ್ತದೆ.

ಹಾಗಾದರೆ ಅಗೆತವಿಲ್ಲದ ಈ ವಿಧಾನಗಳೇ ಮೇಲಲ್ಲವೇ ಎಂಬ ಪ್ರಶ್ನೆ ಸಹಜ. ಒಂದೇ ಮನೆಯ ಹದಿನೈದು ಮೀಟರಿಗೆ ಇವು ಗಿಟ್ಟುವುದು ಕಷ್ಟ. ಯಂತ್ರ, ತಂತ್ರಜ್ಞರು, ಸಾಮಗ್ರಿ ಇವುಗಳನ್ನು ಸ್ಥಳಕ್ಕೆ ತರುವ ವೆಚ್ಚವು ಕೆಲಸ ಚಿಕ್ಕದಾದರೂ ಕಡಿಮೆಯಾಗದು. ಅದೇ ಬೀದಿಯಲ್ಲಿ ಇಪ್ಪತ್ತು ಕಟ್ಟಡಗಳಿದ್ದು ಎಲ್ಲರೂ ಒಂದೇ ವಾರದಲ್ಲಿ ಮಾಡಿಸುವುದಾದರೆ, ಆ ವೆಚ್ಚ ಇಪ್ಪತ್ತು ಪಾಲಾಗುತ್ತದೆ. ಒಗ್ಗಟ್ಟಿನ ಪ್ರಶ್ನೆ ಇಲ್ಲಿ ಕೇವಲ ಸೌಹಾರ್ದದ ಮಾತಾಗಿ ಉಳಿಯದೆ ಶುದ್ಧ ವಾಣಿಜ್ಯದ ಮಾತಾಗುತ್ತದೆ.

ರಸ್ತೆಗೆ ಮೊದಲು ಕೊಳವೆ

ಬೆಂಗಳೂರಿನಲ್ಲಿ ಹಲವು ರಸ್ತೆಗಳಿಗೆ ಡಾಂಬರಿನ ಮೇಲೆ ಕಾಂಕ್ರೀಟ್ ಹೊದಿಸುವ ವೈಟ್ ಟಾಪಿಂಗ್ ನಡೆದಿದೆ. ಇತರ ನಗರಗಳಲ್ಲೂ ಕಾಂಕ್ರೀಟ್ ರಸ್ತೆಗಳು ಹೆಚ್ಚುತ್ತಿವೆ. ದಶಕಗಳ ಕಾಲ ಬಾಳಬೇಕೆಂಬ ಲೆಕ್ಕದಲ್ಲಿ ನಿರ್ಮಾಣವಾಗುವ ರಸ್ತೆಯ ಕೆಳಗೆ, ತನ್ನ ಆಯುಷ್ಯವನ್ನು ಆಗಲೇ ಸವೆಸಿದ ಕೊಳವೆಗಳು ಉಳಿದರೆ ಮುಂದೇನಾಗುವುದೆಂದು ಹೇಳಲು ಪರಿಣತಿ ಬೇಕಿಲ್ಲ. ಹೊಸ ರಸ್ತೆಯನ್ನು ಕತ್ತರಿಸಬೇಕಾಗುತ್ತದೆ. ಅದರ ದಂಡವನ್ನು ಕಟ್ಟಡದ ಮಾಲೀಕ ತೆರುತ್ತಾನೆ. ತೇಪೆ ಹಾಕಿದ ರಸ್ತೆಯ ಕಷ್ಟವನ್ನು ಇಡೀ ಬೀದಿ ಅನುಭವಿಸುತ್ತದೆ. ಕೊಳವೆ ಬದಲಾಯಿಸಲು ಅತ್ಯಂತ ಅಗ್ಗದ ಸಮಯವೆಂದರೆ ರಸ್ತೆ ಹೇಗೂ ಅಗೆಯಲ್ಪಡುವ ಸಮಯ. ಆ ಅವಕಾಶ ತಪ್ಪಿದರೆ ಮುಂದಿನದು ಯಾವಾಗಲೋ.

‘ನಡೆಯುತ್ತಿರುವ ಕೊಳವೆಯನ್ನು ಏಕೆ ಮುಟ್ಟಬೇಕು?’ ಎಂಬ ಆಕ್ಷೇಪಣೆ ಬರಬಹುದು. ಆಕ್ಷೇಪಣೆ ನ್ಯಾಯವಾದುದೇ. ಆದುದರಿಂದಲೇ ಮೊದಲು ಕ್ಯಾಮೆರಾ ತಪಾಸಣೆಯಾಗಲಿ ಎನ್ನುವುದು. ಕೊಳವೆ ಗಟ್ಟಿಯಾಗಿದ್ದರೆ ಬಿಟ್ಟುಬಿಡೋಣ. ಆದರೆ ನೀರು ಹರಿಯುತ್ತಿದೆ ಎಂಬುದು ಕೊಳವೆ ಸುಸ್ಥಿತಿಯಲ್ಲಿದೆ ಎಂಬುದಕ್ಕೆ ಸಾಕ್ಷಿಯಾಗದು. ಬಿರುಕಿನಿಂದ ಸೋರುವ ಮಲಿನ ನೀರು ಮಣ್ಣಿಗಿಳಿದು, ಪಕ್ಕದ ಕುಡಿಯುವ ನೀರಿನ ಕೊಳವೆಯಲ್ಲಿ ಒತ್ತಡವಿಲ್ಲದ ವೇಳೆಯಲ್ಲಿ ಅದರೊಳಗೆ ಸೇರುವ ಅಪಾಯವಿದೆ. ದಿನ ಬಿಟ್ಟು ದಿನ ನೀರು ಬರುವ ನಮ್ಮ ಊರುಗಳಲ್ಲಿ ಇದನ್ನು ಲಘುವಾಗಿ ಕಾಣುವಂತಿಲ್ಲ.

ಮಾಲೀಕ, ಬಾಡಿಗೆದಾರ, ತೆರಿಗೆ

ಹಣ ಯಾರು ಕೊಡಬೇಕು ಎಂಬ ವಿವಾದದಲ್ಲಿಯೇ ಎಷ್ಟೋ ಕಡೆ ಕೆಲಸ ನಿಲ್ಲುತ್ತದೆ. ಮೊದಲು ಬಾಡಿಗೆ ಕರಾರನ್ನು ನೋಡಬೇಕು. ಮಾಲೀಕನೇ ಮಾಡಿಸಬೇಕಾದ ದುರಸ್ತಿಯನ್ನು ಆತ ತಿಳುವಳಿಕೆ ಪತ್ರ ಕೊಟ್ಟ ನಂತರವೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಲು, ವಿರುದ್ಧವಾದ ಕರಾರಿಲ್ಲದಿದ್ದಲ್ಲಿ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಪ್ರಕರಣ ಅವಕಾಶ ನೀಡುತ್ತದೆ. ಬಾಯಿಮಾತಿನ ದೂರು ಸಾಲದು. ಪತ್ರ ಬರೆದು ಪ್ರತಿ ಇಟ್ಟುಕೊಳ್ಳಬೇಕು.

ಜಿ.ಎಸ್.ಟಿ. ವಿಷಯವೂ ಗಮನಾರ್ಹ. 2017ರ ಕೇಂದ್ರ ಕಾಯ್ದೆಯ 17(5)ನೇ ಪ್ರಕರಣದ ಪ್ರಕಾರ ಕಟ್ಟಡದ ದುರಸ್ತಿ ವೆಚ್ಚವನ್ನು ಬಂಡವಾಳವೆಂದು ಲೆಕ್ಕಕ್ಕೆ ಸೇರಿಸಿದಷ್ಟರ ಮಟ್ಟಿಗೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ಚಾಲ್ತಿ ದುರಸ್ತಿಯೆಂದು ಖರ್ಚು ಬರೆಯಲು ಯೋಗ್ಯವಾದ ಕೆಲಸಕ್ಕೆ, ವ್ಯವಹಾರಕ್ಕೆ ಬಳಸುವ ಭಾಗದ ಮಟ್ಟಿಗೆ, ಜಮೆ ಕೋರಬಹುದು. ಮೇಲಿನ ಮನೆಯ ಪಾಲಿಗೆ ಇದು ಅನ್ವಯಿಸದು. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೂ ಇಲ್ಲ. ನಿಮ್ಮ ಕೆಲಸ ಯಾವ ವರ್ಗಕ್ಕೆ ಸೇರುವುದೆಂದು ಲೆಕ್ಕ ಪರಿಶೋಧಕರನ್ನು ಬಿಲ್ಲು ಬರುವ ಮುನ್ನವೇ ಕೇಳುವುದು ಲೇಸು.

ಲೆಕ್ಕಕ್ಕೆ ಮೀರಿದ ಮಾತು

ಕಟ್ಟಿಕೊಂಡ ಮಾರ್ಗವನ್ನು ಬಿಡಿಸಲು ಯಾರನ್ನಾದರೂ ಮ್ಯಾನ್‌ಹೋಲಿಗೆ ಇಳಿಸುವ ಪದ್ಧತಿ ಇನ್ನೂ ನಿಂತಿಲ್ಲ. ಅಲ್ಲಿ ಶೇಖರವಾಗುವ ಹೈಡ್ರೋಜನ್ ಸಲ್ಫೈಡ್ ಅನಿಲ ಕ್ಷಣಮಾತ್ರದಲ್ಲಿ ಪ್ರಾಣ ತೆಗೆಯಬಲ್ಲದು. ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧಿಸುವ 2013ರ ಕಾಯ್ದೆಯು ಒಳಚರಂಡಿ, ಸೆಪ್ಟಿಕ್ ಟ್ಯಾಂಕುಗಳ ಅಪಾಯಕಾರಿ ಶುಚೀಕರಣಕ್ಕೆ ಜನರನ್ನು ತೊಡಗಿಸುವುದನ್ನು ನಿಷೇಧಿಸಿದೆ. ಮೊದಲ ಅಪರಾಧಕ್ಕೇ ಎರಡು ವರ್ಷದವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಒಳಚರಂಡಿ ಸಾವುಗಳಿಗೆ ನೀಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಕಾನೂನಿನ ಭಯ ಹಾಗಿರಲಿ, ಕೆಲವು ನೂರು ರೂಪಾಯಿಗಾಗಿ ಒಂದು ಜೀವವನ್ನು ಪಣಕ್ಕಿಡುವ ಅಗ್ಗದ ಕೆಲಸ ಯಾವ ಸಂಸ್ಥೆಗೂ ಶೋಭೆಯಲ್ಲ. ಆಳದ ಗುಂಡಿಗಳಿಗೂ ಇದೇ ಮಾತು: ಒಂದೂವರೆ ಮೀಟರಿಗಿಂತ ಆಳವಾದರೆ ಪಕ್ಕಗಳಿಗೆ ಹಲಗೆ, ಆಸರೆ ಕೊಡದೆ ಕಾರ್ಮಿಕರನ್ನು ಇಳಿಸಬಾರದು.

ನಮ್ಮ ಸಂಸ್ಥೆ ಮಾಡಬೇಕಾದದ್ದು

ಈ ಹಿನ್ನೆಲೆಯಲ್ಲಿ ನಮ್ಮ ವಾಣಿಜ್ಯ ಮಂಡಳಿಯ ಮುಂದೆ ಕೆಲವು ಸಲಹೆಗಳನ್ನು ಇಡಬಯಸುತ್ತೇನೆ. ಪ್ರತಿ ವ್ಯಾಪಾರಿ ಬೀದಿಯಲ್ಲಿ ಯಾವ ಕಟ್ಟಡದ ಕೊಳವೆ ಎಷ್ಟು ಹಳೆಯದು, ಎಲ್ಲಿ ಪದೇ ಪದೇ ಕಟ್ಟುತ್ತದೆ ಎಂಬ ಪಟ್ಟಿಯನ್ನು ಸದಸ್ಯರಿಂದಲೇ ಸಂಗ್ರಹಿಸಬೇಕು. ಯಾವುದೇ ರಸ್ತೆಗೆ ಕಾಂಕ್ರೀಟ್ ಅಥವಾ ಡಾಂಬರು ಹಾಕುವ ಮುನ್ನ ಕನಿಷ್ಠ ಮೂರು ತಿಂಗಳು ಮೊದಲು ಲಿಖಿತ ಸೂಚನೆ ಕೊಟ್ಟು, ಇಡೀ ಬೀದಿಗೆ ಒಂದೇ ಅನುಮತಿ ನೀಡುವಂತೆ ಸ್ಥಳೀಯ ಸಂಸ್ಥೆಯನ್ನೂ ಜಲಮಂಡಳಿಯನ್ನೂ ಒತ್ತಾಯಿಸಬೇಕು. ತಪಾಸಣೆ ಮತ್ತು ಕೆಲಸ ಎರಡಕ್ಕೂ ಬೀದಿಗೊಂದು ಜಂಟಿ ಟೆಂಡರ್ ಕರೆಯಬೇಕು. ಮಣ್ಣು ಮುಚ್ಚುವ ಮುನ್ನ ನೀರು ತುಂಬಿ ಸೋರಿಕೆ ನೋಡುವುದು, ಕೊಳವೆಯ ಒಳವ್ಯಾಸಕ್ಕಿಂತ 13 ಮಿ.ಮೀ. ಚಿಕ್ಕದಾದ ಚೆಂಡನ್ನು ಮೇಲಿನ ತುದಿಯಿಂದ ಉರುಳಿಸಿ ಕೆಳತುದಿಯಲ್ಲಿ ಹೊರಬರುವುದನ್ನು ಕಾಣುವುದು ಇವೆರಡನ್ನೂ ಟೆಂಡರಿನ ಷರತ್ತಾಗಿಸಿ, ಅದಾದ ನಂತರವೇ ಕೊನೆಯ ಕಂತು ಕೊಡಬೇಕು. ಮಳೆನೀರಿನ ಕೊಳವೆಯನ್ನು ಒಳಚರಂಡಿಗೆ ಸೇರಿಸಿದ್ದರೆ ಇದೇ ವೇಳೆ ಬೇರ್ಪಡಿಸಬೇಕು. ಉಪಾಹಾರ ಗೃಹಗಳು ಜಿಡ್ಡು ತಡೆಯುವ ತೊಟ್ಟಿಯನ್ನು ಹಾಕಿಸಬೇಕು. ಕಾರ್ಯಾಗಾರಗಳು ಎಣ್ಣೆ, ಆಮ್ಲಗಳನ್ನು ಈ ಮಾರ್ಗಕ್ಕೆ ಬಿಡಲೇಬಾರದು. ಕೆಲಸಕ್ಕೆ ಜನವರಿ, ಫೆಬ್ರವರಿ ತಿಂಗಳುಗಳು ಅನುಕೂಲ: ದೀಪಾವಳಿಯ ವ್ಯಾಪಾರ ಮುಗಿದಿರುತ್ತದೆ, ಮಳೆ ದೂರವಿರುತ್ತದೆ, ಮಾರ್ಚ್ ತಿಂಗಳ ಲೆಕ್ಕಪತ್ರದ ಒತ್ತಡ ಇನ್ನೂ ಆರಂಭವಾಗಿರುವುದಿಲ್ಲ.

ಇದರಲ್ಲಿ ನಮ್ಮ ಸಣ್ಣ ಉದ್ಯಮಿಗಳಿಗೂ ಅವಕಾಶವುಂಟು. ಛೇಂಬರಿನ ಮುಚ್ಚಳ, ಸಿದ್ಧ ಕಾಂಕ್ರೀಟ್ ಉಂಗುರ, ಜೆಟ್ಟಿಂಗ್ ನಳಿಕೆ ಮುಂತಾದವು ಸ್ಥಳೀಯವಾಗಿ ತಯಾರಾಗಬಲ್ಲ ವಸ್ತುಗಳೇ. ಬೀದಿಗೆ ಬೀದಿಯೇ ಖರೀದಿಸುವಾಗ ಆ ಬೇಡಿಕೆಯನ್ನು ನಂಬಿ ಬಂಡವಾಳ ಹೂಡಬಹುದು.

ಸಗಟು ಖರೀದಿಯಲ್ಲಿ ದರ ಇಳಿಯುವುದೆಂಬುದನ್ನು ವ್ಯಾಪಾರಿಗೆ ಯಾರೂ ಕಲಿಸಬೇಕಾಗಿಲ್ಲ. ದಿನನಿತ್ಯ ಸರಕಿಗೆ ಅನ್ವಯಿಸುವ ಆ ಬುದ್ಧಿಯನ್ನು ತನ್ನ ಬಾಗಿಲ ಮುಂದಿನ ಗುಂಡಿಗೂ ಒಮ್ಮೆ ಅನ್ವಯಿಸಲಿ ಎಂಬುದಷ್ಟೇ ಕೋರಿಕೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದು, ಕನಿಷ್ಠ ಒಂದು ಬೀದಿಯಲ್ಲಾದರೂ ಪ್ರಾಯೋಗಿಕವಾಗಿ ಕಾರ್ಯಗತವಾಗಲಿ.