ಮೇಜಿಗೊಂದು ನಕಲು

ಗುಮಾಸ್ತಿಕೆ ಮಾಡುವವನಿಗೆ ಗಣಕಯಂತ್ರದ ಭಾಷೆಯ ಗೊಡವೆ ಏಕೆಂದು ನಮ್ಮ ಮನೆಯಾಕೆ ಆಗಾಗ ಕೇಳುವುದುಂಟು. ಸಂಘದ ಚಂದಾ ಲೆಕ್ಕವನ್ನು ಮೈಮೇಲೆ ಹಾಕಿಕೊಂಡ ದಿನದಿಂದ ಆ ಪ್ರಶ್ನೆಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ.

ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು 1995ರಲ್ಲಿ ಬ್ರೆಂಡನ್ ಐಕ್ ಎಂಬವರು ಹತ್ತೇ ದಿನಗಳಲ್ಲಿ ರಚಿಸಿದರು. ಅದರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಡಬಹುದೆಂಬುದು ನನಗೆ ಪರಮ ಸಂತೋಷದ ಸಂಗತಿ. ‘ಸದಸ್ಯ’ ಎಂಬ ಕನ್‌ಸ್ಟ್ರಕ್ಟರನ್ನು, ಎಂದರೆ ಸದಸ್ಯರನ್ನು ಎರಕ ಹೊಯ್ಯುವ ಅಚ್ಚನ್ನು, ಬರೆದೆ. ಹೆಸರು, ವಯಸ್ಸುಗಳ ಜೊತೆಗೆ ಚಂದಾ ಎಣಿಸುವ ಮೆಥಡನ್ನೂ ಅದರೊಳಗೇ ಇಟ್ಟೆ. 400 ಸದಸ್ಯರು ಹುಟ್ಟಿದರು. ಪ್ರತಿಯೊಬ್ಬರ ಕಂಕುಳಲ್ಲೂ ಆ ಮೆಥಡಿನ ಬೇರೆ ಬೇರೆ ಪ್ರತಿ! ಇಷ್ಟಕ್ಕೆ ಯಂತ್ರ ದಣಿಯದು. ಲಕ್ಷಗಟ್ಟಲೆಯಾದರೆ ಮೆಮೊರಿ ವ್ಯರ್ಥವಾಗಿ ತುಂಬುವುದು ನಿಜ. ನನ್ನನ್ನು ಕೆಡಿಸಿದ್ದು ಅದಲ್ಲ.

ವಾರ್ಷಿಕ ಸಭೆಯ ಬೆಳಿಗ್ಗೆ, 60 ದಾಟಿದವರಿಗೆ ಅರ್ಧ ಚಂದಾ ಎಂದು ಸಮಿತಿಯವರು ಠರಾವು ಮಾಡಿದರು. ರಸೀದಿಯ ಮೇಜಿನಲ್ಲಿ ಪಟ್ಟಿ ಆಗಲೇ ತೆರೆದಿತ್ತು. ಮುಚ್ಚಿದರೆ ಅಂದಿನ ನಮೂದುಗಳು ಹೋದಾವೆಂದು ಹೆದರಿ, ತೆರೆದಿರುವಂತೆಯೇ ಪ್ರೋಟೋಟೈಪಿನಲ್ಲಿ ಹೊಸ ಮೆಥಡನ್ನು ಸೇರಿಸಿದೆ. ಯಂತ್ರ ಚಕಾರವೆತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಹಿರಿಯರೊಬ್ಬರು ರಸೀದಿಯನ್ನು ಕನ್ನಡಕದ ಹತ್ತಿರ ಹಿಡಿದು, “ಅಲ್ಲಪ್ಪಾ, ಅರ್ಧ ಅಂತ ಹೇಳಿ ಪೂರ್ತಿ ತಗೊಂಡೆಯಲ್ಲ?” ಎಂದರು. ಅಷ್ಟರಲ್ಲಿ ಅವರಂಥ 11 ಮಂದಿ ಪೂರ್ತಿ ಕೊಟ್ಟು ಊಟದ ಪಂಕ್ತಿಗೆ ಹೋಗಿಯಾಗಿತ್ತು.

ಕಾರಣವನ್ನು ಕಚೇರಿಯ ರೀತಿಯಲ್ಲೇ ಹೇಳುತ್ತೇನೆ. ಶಾಖೆಯ ಬೀರುವಿನಲ್ಲಿ ನಿಯಮಗಳ ಪುಸ್ತಕ ಒಂದಿರುತ್ತದೆ. ತಿದ್ದುಪಡಿ ಚೀಟಿ ಬಂದರೆ ಅದರಲ್ಲಿ ಅಂಟಿಸುತ್ತೇವೆ, ಎಲ್ಲರಿಗೂ ಅದೇ ಆಧಾರ. ಆದರೆ ಗುಮಾಸ್ತನ ಮೇಜಿನ ಮೇಲೆ ಸ್ವಂತ ನಕಲಿದ್ದರೆ ಅವನು ಬೀರುವಿನವರೆಗೆ ಏಳುವನೇ? ಜಾವಾಸ್ಕ್ರಿಪ್ಟಿನದೂ ಅದೇ ಸ್ವಭಾವ. ಮೊದಲು ವಸ್ತುವಿನ ಬಳಿಯೇ ಹುಡುಕುವುದು. ಸಿಕ್ಕದಿದ್ದರೆ ಮಾತ್ರ ಪ್ರೋಟೋಟೈಪಿಗೆ ಹೋಗುವುದು. ಮೆಥಡನ್ನು ಮೊದಲಿನಿಂದಲೂ ಪ್ರೋಟೋಟೈಪಿನಲ್ಲಿ ಇಟ್ಟಿದ್ದರೆ, ಒಂದೇ ತಿದ್ದುಪಡಿಗೆ 400 ಸದಸ್ಯರೂ ಆ ಕ್ಷಣವೇ ತಲೆಬಾಗುತ್ತಿದ್ದರು.

ಹಾಗೆಂದು ಮೇಜಿನ ನಕಲು ಬರೀ ಮೂರ್ಖತನವಲ್ಲ. ಕನ್‌ಸ್ಟ್ರಕ್ಟರಿನೊಳಗೆ ಹುಟ್ಟಿದ ಮೆಥಡಿಗೆ ಅಲ್ಲಿ ಬಚ್ಚಿಟ್ಟ ಅಂಕಿಗಳು ಕಾಣುತ್ತವೆ. ಬೀರುವಿನ ಪುಸ್ತಕಕ್ಕೆ ಆ ಡ್ರಾಯರಿನ ಬೀಗದ ಕೈ ಇಲ್ಲ. 2015ರಲ್ಲಿ ಬಂದ ‘ಕ್ಲಾಸ್’ ಬರವಣಿಗೆಯಲ್ಲಿ ಮೆಥಡುಗಳು ತಾವಾಗಿಯೇ ಪ್ರೋಟೋಟೈಪಿಗೆ ಸೇರುತ್ತವೆ. 2022ರ ನಿಯಮದಂತೆ ಹೆಸರಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿ ಗುಟ್ಟನ್ನೂ ಕಾಪಾಡಬಹುದು. ಗುಟ್ಟಿಗಾಗಿಯೇ ನಕಲಿಡುವ ಅಗತ್ಯ ಬಹುಮಟ್ಟಿಗೆ ತೀರಿತೆನ್ನಬೇಕು.

ಮರುವಾರ 11 ಮನೆಗಳಿಗೂ ಹೋಗಿ ಹೆಚ್ಚಿನ ಹಣವನ್ನು ಹಿಂತಿರುಗಿಸಿ ಬಂದೆ. ಹತ್ತು ಮನೆಗಳಲ್ಲಿ ಕಾಫಿ ಕೊಟ್ಟರು. ಹನ್ನೊಂದನೆಯವರು ಹಣವನ್ನು ಎರಡು ಸಲ ಎಣಿಸಿಕೊಂಡರು.